ನೆಂಟ್ರು ಬಂದ ರಾತ್ರಿ ಒಲೆ ಮುಂದೆ ಯಾರು?

ಹೋದ ಭಾನುವಾರ ಸಂಜೆ ಆರು ಗಂಟೆಗೆ ಫೋನು. ಮಗನ ಆಫೀಸಿನ ಸ್ನೇಹಿತರು, ಅವರ ಹೆಂಡ್ತೀರು, ಎರಡು ಮಕ್ಕಳು, ಒಟ್ಟು ಏಳು ಜನ. "ಅಂಕಲ್, ಕೆಂಗೇರಿ ದಾಟಿದ್ವಿ, ಹಂಗೇ ನಿಮ್ಮೂರು ನೋಡ್ಕೊಂಡು ಹೋಗ್ತೀವಿ, ಊಟಕ್ಕೆಲ್ಲ ತೊಂದ್ರೆ ತಗೋಬೇಡಿ" ಅಂದ್ರು. ಮಳವಳ್ಳಿ ಕಡೆ ಹಳ್ಳಿ ಮನೆಗೆ ಕತ್ತಲಾದ ಮೇಲೆ ಬಂದೋರನ್ನ ಉಣ್ಣಿಸದೆ ಕಳಿಸೋಕಾಗುತ್ತಾ? ಅವ್ರಿಗೂ ಗೊತ್ತು, ನಮಗೂ ಗೊತ್ತು.

2023ರ ಮಾರ್ಚಲ್ಲಿ ಬೆಂಗಳೂರು-ಮೈಸೂರು ಹೊಸ ಹೆದ್ದಾರಿ ಉದ್ಘಾಟನೆ ಆದ್ಮೇಲೆ ಇದೊಂದು ಶುರುವಾಗಿದೆ. ಮೊದಲು ಬೆಂಗಳೂರಿಂದ ನೆಂಟ್ರು ಬರೋದು ಅಂದ್ರೆ ಎರಡು ದಿನ ಮುಂಚೆ ಸುದ್ದಿ. ಈಗ ಕಾರು ಹತ್ತಿದ ಮೇಲೆ ಫೋನು. ಬರ್ಲಿ, ಬೇಡ ಅನ್ನೋಲ್ಲ. ಆದ್ರೆ ಆ ಒಂದೂವರೆ ಗಂಟೇಲಿ ಅಡುಗೆಮನೇಲಿ ಏನಾಗುತ್ತೆ ಅನ್ನೋದನ್ನ ನಾವು ಗಂಡಸ್ರು ಯಾವತ್ತಾದ್ರೂ ನಿಂತು ನೋಡಿದೀವಾ? ನಾನಂತೂ ನೋಡಿರಲಿಲ್ಲ. ಅದಕ್ಕೇ ಈ ಬರಹ.

ಹೋದ ವರ್ಷ ಇದೇ ಥರ ಒಂಬತ್ತು ಜನ ಬಂದಿದ್ರು. ಕಬ್ಬು ಕಟಾವಿನ ಟೈಮು. ನಮ್ಮನೆಯವಳು ಬೆಳಗ್ಗೆಯಿಂದ ಆಳುಗಳಿಗೆ ಬುತ್ತಿ ಕಟ್ಟಿ, ದನ ನೋಡ್ಕೊಂಡು ಸುಸ್ತಾಗಿದ್ಳು. ಆದ್ರೂ ಮರ್ಯಾದೆ ಪ್ರಶ್ನೆ ನೋಡಿ, ಪೂರಿ, ಸಾಗು, ಪಲಾವು, ಬಜ್ಜಿ, ಪಾಯಸ, ಅನ್ನ, ಸಾರು ಅಂತ ಏಳು ಥರ ಮಾಡೋಕೆ ಹೊರಟ್ಳು. ನಾನು ಜಗಲಿ ಮೇಲೆ ಕೂತ್ಕೊಂಡು ಕಬ್ಬಿನ ರೇಟು ಮಾತಾಡ್ತಿದ್ದೆ. ಅವರೆಲ್ಲ ಉಂಡು ಹೊರಟಾಗ ಹತ್ತೂವರೆ. ಒಳಗೆ ಹೋಗಿ ನೋಡಿದ್ರೆ ಪೂರಿ ಖಾಲಿ, ಪಲಾವು ಖಾಲಿ. ಇವಳು ತಳ ಹಿಡಿದ ಅನ್ನಕ್ಕೆ ಮಜ್ಜಿಗೆ ಹಾಕ್ಕೊಂಡು ನೆಲದ ಮೇಲೆ ಕೂತು ತಿಂತಿದ್ಳು. "ನಿಮ್ಮ ನೆಂಟ್ರು ಬಂದ್ರೆ ನಂಗೆ ಜ್ವರ ಬಂದಂಗಾಗುತ್ತೆ" ಅಂದ್ಳು. ಬೈದಿದ್ದಲ್ಲ, ಸುಮ್ಮನೆ ಹೇಳಿದ್ದು. ಅದು ಇನ್ನೂ ಜಾಸ್ತಿ ಚುಚ್ಚುತು.

ಅದಾದ್ಮೇಲೆ ಮಗ ಒಂದು ಉಪಾಯ ಹೇಳ್ದ, ಹೋಟ್ಲಿಂದ ತರಿಸಿಬಿಡಿ ಅಂತ. ಒಂದ್ಸಲ ತರಿಸಿದ್ದೂ ಆಯ್ತು. ಬಿರಿಯಾನಿ, ಕಬಾಬು ಎಲ್ಲ ಸೇರಿ ಎರಡು ಸಾವಿರದ ಎಂಟುನೂರು ರೂಪಾಯಿ. ಬಂದಾಗ ತಣ್ಣಗಾಗಿತ್ತು, ಅರ್ಧ ಉಳೀತು, ನಾಯಿಗೆ ಹಾಕಿದ್ವಿ. ಕಟಾವು, ಸಾಗಣೆ ಕಳೆದು ಒಂದು ಟನ್ ಕಬ್ಬಿಗೆ ಕೈಗೆ ಸಿಗೋ ದುಡ್ಡು ಹತ್ರ ಹತ್ರ ಒಂದು ರಾತ್ರಿ ಊಟಕ್ಕೆ ಹೋಯ್ತು. ಅದಕ್ಕಿಂತ ಬೇಜಾರು ಏನಂದ್ರೆ, ಬೆಂಗಳೂರಲ್ಲಿ ದಿನಾ ತಿನ್ನೋದನ್ನೇ ಅವರು ನಮ್ಮ ಹೊಲದ ಮಧ್ಯೆ ಕೂತು ತಿಂದ್ರು.

ಈ ಸಲ ಫೋನು ಬಂದ ತಕ್ಷಣ ನಾನೇ ಅಂದೆ: ಹಿಟ್ಟು, ಉಪ್ಸಾರು, ಅಷ್ಟೇ. ನಮ್ಮನೆಯವಳು ನನ್ನ ಮುಖ ನೋಡಿದ್ಳು. "ಬೆಂಗಳೂರೋರಿಗೆ ಹಿಟ್ಟು ಹಾಕ್ತೀರಾ? ಏನಂದ್ಕೊಂತಾರೆ?"

ಈ "ಏನಂದ್ಕೊಂತಾರೆ" ಇದೆಯಲ್ಲ, ಇದೇ ರೋಗ. ನಾಲೆ ನೀರು ಬಂದು ಗದ್ದೆ ಆದ್ಮೇಲೆ ಅನ್ನ ಅನ್ನೋದು ದೊಡ್ಡಸ್ತಿಕೆ ಊಟ ಆಯ್ತು, ಹಿಟ್ಟು ಆಳಿನ ಊಟ ಆಯ್ತು. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಆಫ್ರಿಕಾದ ರಾಗಿಗೂ ನಮ್ಮ ರಾಗಿಗೂ ಸಂಕರ ಮಾಡಿ ಇಂಡಾಫ್ ತಳಿಗಳನ್ನ ಕೊಟ್ರು, ರಾಗಿ ಲಕ್ಷ್ಮಣಯ್ಯ ಅಂತಲೇ ಹೆಸರಾದ್ರು. ಅವರು ಅಷ್ಟು ಕಷ್ಟಪಟ್ಟು ಇಳುವರಿ ಹೆಚ್ಚಿಸಿದ ಜಿಲ್ಲೇಲೇ ನಾವು ರಾಗೀನ ನೆಂಟ್ರಿಂದ ಬಚ್ಚಿಡ್ತೀವಿ. ವಿಶ್ವಸಂಸ್ಥೆ 2023ನ್ನ ಸಿರಿಧಾನ್ಯ ವರ್ಷ ಅಂತ ಘೋಷಣೆ ಮಾಡ್ತು, ಬೆಂಗಳೂರು ಅಂಗಡೀಲಿ ರಾಗಿ ಬಿಸ್ಕತ್ತು ಸಣ್ಣ ಪೊಟ್ಟಣಕ್ಕೆ ದುಡ್ಡು ಕಕ್ತಾರೆ. ನಮಗೆ ಮಾತ್ರ ನಾಚಿಕೆ.

ಸರಿ, ಅಡುಗೆ ವಿಷಯಕ್ಕೆ ಬರ್ತೀನಿ. ಉಪ್ಸಾರಿನಷ್ಟು ಸುಲಭದ ನೆಂಟರೂಟ ಇನ್ನೊಂದಿಲ್ಲ ಅನ್ನೋದು ನನ್ನ ವಾದ. ಬದುವಿನ ಮೇಲಿಂದ ದಂಟು, ಕೀರೆ, ಅಣ್ಣೆಸೊಪ್ಪು ಸಿಕ್ಕಿದ್ದೆಲ್ಲ ಬೆರಕೆ ಕಿತ್ಕೊಂಡು ಬಂದೆ. ಹೆಸರುಕಾಳು ಕುಕ್ಕರಿಗೆ, ಅರೆಬೆಂದ ಮೇಲೆ ಸೊಪ್ಪು. ಬೆಂದ ಮೇಲೆ ನೀರು ಬಸಿದ್ರೆ ಅದೇ ಕಟ್ಟು, ಉಪ್ಪು ಹಾಕಿದ್ರೆ ಸಾರು. ಬಸಿದ ಸೊಪ್ಪು ಕಾಳಿಗೆ ಈರುಳ್ಳಿ, ಬೆಳ್ಳುಳ್ಳಿ ಒಗ್ಗರಣೆ, ಮೇಲೊಂದು ಹಿಡಿ ಕಾಯಿತುರಿ, ಪಲ್ಯ ಆಯ್ತು. ಒಂದೇ ಸಲ ಬೇಯಿಸಿದ್ದಕ್ಕೆ ಎರಡು ಐಟಮ್ಮು. ಟೈಮಿದ್ರೆ ಅದೇ ಕಟ್ಟಿಗೆ ಕಾಯಿ, ಸಾರಿನ ಪುಡಿ, ಒಂದು ಹಿಡಿ ಬೆಂದ ಕಾಳು ಅರೆದು ಕುದಿಸಿ ಬಸ್ಸಾರು ಮಾಡ್ಕೊಳ್ಳಿ. ಟೈಮಿಲ್ವಾ, ಉಪ್ಸಾರೇ ಸಾಕು.

ಉಪ್ಸಾರಿನ ಜೀವ ಖಾರದಲ್ಲಿ. ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಹುಣಸೆಹಣ್ಣು, ಉಪ್ಪು ಅರೆದ ಖಾರ ನಮ್ಮನೇಲಿ ಯಾವಾಗ್ಲೂ ಒಂದು ಡಬ್ಬಿ ಇರುತ್ತೆ. ಅದು ಸಾರಿನ ಒಳಗಿರಲ್ಲ, ತಟ್ಟೆ ಅಂಚಲ್ಲಿರುತ್ತೆ. ಯಾರಿಗೆ ಎಷ್ಟು ಬೇಕೋ ಅಷ್ಟು ಕಲಸ್ಕೊಳ್ಳೋದು. ಬಂದೋರಲ್ಲಿ ಒಬ್ರಿಗೆ ಹೊಟ್ಟೆ ಹುಣ್ಣು, ಮಕ್ಕಳಿಗೆ ಖಾರ ಆಗಲ್ಲ, ಇನ್ನೊಬ್ಬ ಹುಡುಗ ಖಾರ ಅಂದ್ರೆ ಪ್ರಾಣ ಬಿಡೋನು. ಎಲ್ಲರಿಗೂ ಒಂದೇ ಪಾತ್ರೆ ಸಾರು. ಯಾವ ಹೋಟ್ಲಲ್ಲಿ ಸಿಗುತ್ತೆ ಈ ಅನುಕೂಲ?

ಮುದ್ದೆ ತಿರುವಿದ್ದು ನಾನು. ನಗಬೇಡಿ, ಐವತ್ತೆರಡು ವರ್ಷಕ್ಕೆ ಮೊದಲ ಸಲ. ಒಂದು ಲೋಟ ಹಿಟ್ಟಿಗೆ ಎರಡು ಲೋಟ ನೀರಿನ ಲೆಕ್ಕ. ನೀರು ಕುದಿ ಬಂದ ಮೇಲೆ ಹಿಟ್ಟನ್ನ ಮಧ್ಯಕ್ಕೆ ಗುಡ್ಡೆ ಸುರಿದು, ಕೋಲು ಚುಚ್ಚಿ ಸುಮ್ನೆ ಬಿಡಬೇಕು. ನಾನು ಸುರಿದ ತಕ್ಷಣ ತಿರುವೋಕೆ ಹೋದೆ. "ಬಿಡಿ, ಬೇಯ್ಲಿ, ಗಂಟಾಗುತ್ತೆ" ಅಂತ ಬೈಸ್ಕೊಂಡೆ. ಎಂಟ್ಹತ್ತು ನಿಮಿಷ ಕೊತಕೊತ ಅಂದ ಮೇಲೆ ಕೆಳಗಿಳಿಸಿ, ಪಾತ್ರೆ ಒತ್ತಿ ಹಿಡ್ಕೊಂಡು ತಿರುವಿದ್ರೆ ರಟ್ಟೆ ಬಿದ್ದೋಗುತ್ತೆ. ಗುದ್ದಲಿ ಹಿಡಿಯೋ ನನ್ನ ರಟ್ಟೇನೇ ಸೋತ್ರೆ, ಮೂವತ್ತು ವರ್ಷ ದಿನಕ್ಕೆರಡು ಸಲ ಇವಳು ಹೆಂಗೆ ತಿರುವಿದ್ಳು? ಕೈಗೆ ಬಿಸಿ ತಾಗಿ ಗುಳ್ಳೆ ಎದ್ದಿದೆ, ಇನ್ನೂ ಉರೀತಿದೆ. ಎರಡು ಮುದ್ದೇಲಿ ಗಂಟಿತ್ತು, ಅದು ನನ್ನ ತಟ್ಟೆಗೇ ಬಂತು.

ಬಂದೋರು ಮದ್ದೂರಲ್ಲಿ ವಡೆ ಕಟ್ಟಿಸ್ಕೊಂಡು ಬಂದಿದ್ರು. ಬೈಪಾಸ್ ಬಿಟ್ಟು ಊರೊಳಗೆ ಹೋಗಿ ತಂದಿದ್ರು ಪಾಪ. ಸಾರು ಕುದಿಯೋ ತನಕ ಕಾಫಿ ಜೊತೆ ಅದೇ ತಿಂಡಿ ಆಯ್ತು. ಮುದ್ದೆ ಗಾತ್ರ ಕಿತ್ತಳೆಹಣ್ಣಿನಷ್ಟು ಮಾಡಿದ್ವಿ, ನಮ್ಮ ತೆಂಗಿನಕಾಯಿ ಗಾತ್ರ ಅಲ್ಲ. ಪಕ್ಕಕ್ಕೆ ಒಂದಿಷ್ಟು ಅನ್ನ. ಒಬ್ಬ ಹೆಣ್ಮಗಳು ಅಗಿದು ಅಗಿದು ಹಲ್ಲಿಗೆ ಅಂಟಿಸ್ಕೊಂಡ್ಳು, ಸಾರಲ್ಲಿ ಅದ್ದಿ ನುಂಗಬೇಕು ತಾಯಿ ಅಂತ ಹೇಳ್ಕೊಟ್ವಿ. ಎರಡನೇದು ಕೇಳಿ ಹಾಕಿಸ್ಕೊಂಡ್ಳು.

ಈಗ ಗೆಳೆಯರು ಕೇಳ್ತಾರೆ, ನೆಂಟ್ರಿಗೆ ಬಾಡಿಲ್ದೆ ಹಾಕೋದಾ ಅಂತ. ಅರ್ಥ ಆಗುತ್ತೆ. 2024ರ ಡಿಸೆಂಬರ್ 20ರಿಂದ 22ರವರೆಗೆ ಮಂಡ್ಯದಲ್ಲಿ 87ನೇ ಸಾಹಿತ್ಯ ಸಮ್ಮೇಳನ ನಡೆದಾಗ ಬಾಡೂಟ ಬೇಕು ಅಂತ ಎಷ್ಟು ಚರ್ಚೆ ಆಯ್ತು ನೆನಪಿದೆಯಲ್ಲ. ನಾವು ಏನು ತಿಂತೀವೋ ಅದನ್ನೇ ಬಂದೋರಿಗೂ ಬಡಿಸ್ತೀವಿ ಅನ್ನೋ ಮಾತಿಗೆ ನಾನೂ ಕೈ ಎತ್ತಿದೋನು. ನಮ್ಮ ಮಳವಳ್ಳಿ ತಾಲ್ಲೂಕಿನ ಬಂಡೂರು ಕುರಿ ರುಚಿ ಬಿಟ್ಟುಕೊಡೋ ಮಾತೇ ಇಲ್ಲ. ಆದ್ರೆ ಬಾಡು ಮುಂಚೆ ಹೇಳಿ ಬರೋ ನೆಂಟ್ರಿಗೆ. ಆರು ಗಂಟೆಗೆ ಫೋನು ಮಾಡಿದ್ರೆ ನಾಟಿ ಕೋಳಿ ಹಿಡಿದು, ಪುಕ್ಕ ಕಿತ್ತು, ಸುಟ್ಟು, ಬೇಯಿಸೋ ಹೊತ್ತಿಗೆ ನಡುರಾತ್ರಿ. ಬೇಕೇ ಬೇಕು ಅಂದ್ರೆ ಮಸಾಲೆ ಸಾರು ಕುದಿಯೋವಾಗ ಮೊಟ್ಟೆ ಒಡೆದು ಬಿಡಿ, ಹತ್ತು ನಿಮಿಷದ ಕೆಲಸ. ಹಿತುಕಿದ ಬೇಳೆ ಸಾರು ಮಾತ್ರ ಹೇಳಲೇಬೇಡಿ. ರಾತ್ರಿ ನೆನೆಹಾಕಿ ಒಂದೊಂದೇ ಕಾಳು ಹಿತುಕೋದು ಯಾರು? ಬಂದೋರನ್ನೇ ಕೂರಿಸಿ ಹಿತುಕಿಸ್ತೀವಿ ಅಂದ್ರೆ ಸರಿ.

ಇನ್ನೊಂದು ಮಾತು ಕೆಲವರಿಗೆ ಹಿಡಿಸೋಲ್ಲ, ಆದ್ರೂ ಹೇಳ್ತೀನಿ. ಅಡುಗೆ ಕಮ್ಮಿ ಮಾಡೋದು ಜಿಪುಣತನ ಅಲ್ಲ. ನಮ್ಮೂರಲ್ಲಿ ಎಷ್ಟೋ ಮನೆಗಳಲ್ಲಿ ಈಗ ರಾತ್ರಿ ಊಟಕ್ಕೆ ಯಾರನ್ನೂ ಕರೆಯೋಲ್ಲ. ದುಡ್ಡಿಲ್ಲ ಅಂತಲ್ಲ. ಸೊಸೆ ಗಾರ್ಮೆಂಟ್ಸಿಗೆ ಹೋಗಿ ಬಂದಿರ್ತಾಳೆ, ಅತ್ತೆಗೆ ಮಂಡಿ ನೋವು, ಏಳು ಥರ ಮಾಡೋರು ಯಾರು ಅಂತ. ಏಳು ಥರ ಬೇಕು ಅಂತ ಹಠ ಹಿಡಿದು ಕರೆಯೋದನ್ನೇ ನಿಲ್ಲಿಸಿದೀವಿ. ನಮ್ಮಪ್ಪನ ಕಾಲದಲ್ಲಿ ಸಂತೆಗೆ ಹೋದೋರು ಹೊತ್ತು ಮೀರಿದ್ರೆ ದಾರೀಲಿ ಸಿಕ್ಕ ಮನೇಲಿ ಉಂಡು ಬರ್ತಿದ್ರು, ಅಲ್ಲಿ ಇದ್ದಿದ್ದೂ ಹಿಟ್ಟು, ಉಪ್ಸಾರೇ.

ಆವತ್ತು ರಾತ್ರಿ ಎಂಟೂವರೆಗೆಲ್ಲ ನಡುಮನೇಲಿ ಒಂದೇ ಸಾಲು ಕೂತ್ವಿ. ನಮ್ಮನೆಯವಳೂ ಕೂತ್ಳು. ಮೊದಲು ಬೇಡ ಬೇಡ ಅಂದ್ಳು, ಆ ಹೆಣ್ಮಗಳು ಕೈ ಹಿಡಿದು ಕೂರಿಸಿದ್ಳು. ಬಡಿಸೋಕೆ ಮಗ ಓಡಾಡ್ದ, ಸಾರು ಚೆಲ್ಲಿದ, ಆದ್ರೂ ಪರವಾಗಿಲ್ಲ.

ಬರೋ ಭಾನುವಾರ ನಮ್ಮ ಭಾವಮೈದ ಬರ್ತಾನಂತೆ, ಅವನು ಎರಡು ದಿನ ಮುಂಚೆನೇ ಹೇಳಿದಾನೆ. ಬಾಡು ತರೋದು ನಾನು, ಕಾಯಿ ತುರಿಯೋದೂ ನಾನೇ ಅಂತ ತೀರ್ಮಾನ ಆಗಿದೆ. ಮುದ್ದೆ ಮಾತ್ರ ಈ ಸಲ ಅವಳೇ ತಿರುವ್ತಾಳಂತೆ, ನನ್ನ ಗಂಟು ತಿನ್ನೋಕೆ ತಮ್ಮನ್ನ ಕರೆಸಿಲ್ಲ ಅಂತಾಳೆ. ಮದ್ದೂರು, ಮಂಡ್ಯ ಕಡೆಯೋರು ನಿಮ್ಮನೇಲಿ ದಿಢೀರ್ ಅಂತ ಬಂದೋರಿಗೆ ಏನು ಮಾಡ್ತೀರಿ, ಅದನ್ನ ಮಾಡೋರು ಯಾರು, ಎರಡನ್ನೂ ಬರೀರಿ.