ಸೋತ ಆಟವೂ ಸಭಿಕರ ಸ್ಮರಣೆಯೂ

ಶಾಲೆಗಳ ಸ್ಮರಣ ಸಂಚಿಕೆಗಳಲ್ಲಿ ಗೆದ್ದವರ ಹೆಸರುಗಳಿಗೆ ಧಾರಾಳವಾಗಿ ಸ್ಥಳವು ದೊರೆಯುವುದು. ಪರೀಕ್ಷೆಯಲ್ಲಿ ಮೊದಲ ದರ್ಜೆಯನ್ನು ಪಡೆದವರು, ಓಟದಲ್ಲಿ ಬಹುಮಾನವನ್ನು ಗಳಿಸಿದವರು, ಶಾಲಾ ದಿನೋತ್ಸವದ ನಾಟಕದಲ್ಲಿ ಸಭಿಕರನ್ನು ತಲೆದೂಗಿಸಿದವರು, ಇವರೆಲ್ಲರ ವಿಷಯವನ್ನು ಓದಿ ನಾವೂ ಹಿಗ್ಗುವೆವು. ಆದರೆ ಅದೇ ರಂಗದ ಮೇಲೆ ಮಾತು ಮರೆತು ನಿಂತ ಹುಡುಗಿಯ ಹೆಸರು, ಶ್ರುತಿ ತಪ್ಪಿ ಹಾಡಿದ ಹುಡುಗಿಯ ಹೆಸರು ಯಾವ ಸಂಚಿಕೆಯಲ್ಲಿಯೂ ಅಚ್ಚಾಗದು. ಅಚ್ಚಾಗದಿದ್ದರೂ ಅದು ಅಳಿಯದು. ಸಭೆಯಲ್ಲಿ ಕುಳಿತಿದ್ದವರ ನೆನಪಿನಲ್ಲಿ ವರ್ಷಗಟ್ಟಲೆ ಉಳಿಯುವುದು. ಆ ನೆನಪು ಯಾವ ಬಗೆಯದಾಗಿರಬೇಕೆಂಬುದೇ ಈ ಲೇಖನದ ವಿಚಾರ. ಸೋತ ಆಟದ ಕೊನೆಯ ತೀರ್ಪನ್ನು ಬರೆಯುವುದು ಟಿಕೆಟ್ಟಿನ ಹಣದ ಪೆಟ್ಟಿಗೆಯಲ್ಲ, ನೋಡಿದವರ ಸ್ಮರಣೆ ಎಂಬುದು ನಮ್ಮ ಅಭಿಪ್ರಾಯ. ಇದನ್ನು ಎರಡು ಪ್ರಸಿದ್ಧ ಸೋಲುಗಳಿಂದ ತೋರಿಸಲೆತ್ನಿಸುವೆವು. ಒಂದು ನಮ್ಮ ನಾಡಿನ ಚಲನಚಿತ್ರದ್ದು. ಇನ್ನೊಂದು ಅಮೇರಿಕೆಯ ಸಂಗೀತ ನಾಟಕದ್ದು.

ಬೆಂಗಳೂರು ದಂಡಿನ ಜನರಿಗೆ ಆಟ ನೋಡುವ ಅಭ್ಯಾಸವು ಬಹಳ ಹಳೆಯದು. ಶಿವಾಜಿನಗರದ ಎಲ್ಜಿನ್ ಮಂದಿರವು ೧೯ನೆಯ ಶತಮಾನದ ಕೊನೆಯಲ್ಲಿ ಹುಟ್ಟಿ, ಮುಂದೆ ಚಲನಚಿತ್ರಗಳ ಮನೆಯಾಯಿತು. ಹಲಸೂರಿನ ಕಡೆಯವರಿಗೆ ಲಿಡೋ ಇದ್ದಿತು. ಈಗ ಎಲ್ಜಿನ್ನಿನಲ್ಲಿ ಆಟಗಳಿಲ್ಲ; ಲಿಡೋ ಇದ್ದೆಡೆಯಲ್ಲಿ ಅಂಗಡಿಗಳ ಭಾರಿ ಮಳಿಗೆ ಎದ್ದಿದೆ. ಈ ಬೀದಿಗಳ ವಿಶೇಷವೇನೆಂದರೆ, ಒಂದೇ ಸಾಲಿನ ನಾಲ್ಕು ಮನೆಗಳಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು ನಾಲ್ಕೂ ಕೇಳಿಬರುವುದು. ನಮ್ಮ ಶಾಲೆಗಳ ತರಗತಿಗಳಲ್ಲಿಯೂ ಹಾಗೆಯೇ. ಇಂತಹ ನೆರೆಹೊರೆಯವರೆಲ್ಲರೂ ತಮ್ಮ ತಮ್ಮ ಭಾಷೆಯಲ್ಲಿ ಒಂದೇ ಕಥೆಯನ್ನು ನೋಡಬಹುದೆಂಬಂತೆ ಒಂದು ಚಿತ್ರವು ಸಿದ್ಧವಾಯಿತು. ಅದೇ ‘ಶಾಂತಿ ಕ್ರಾಂತಿ’.

ವಿ. ರವಿಚಂದ್ರನ್ ಅವರು ನಿರ್ದೇಶಿಸಿದ ಈ ಚಿತ್ರವು ೧೯೯೧ರಲ್ಲಿ ತೆರೆಗೆ ಬಂದಿತು. ಎಳೆಯ ಮಕ್ಕಳನ್ನು ಅಪಹರಿಸಿ ಅವರ ಅಂಗಾಂಗಗಳನ್ನು ಮಾರುವ ದುಷ್ಟಕೂಟವನ್ನು ಪೊಲೀಸ್ ಅಧಿಕಾರಿಯೊಬ್ಬನು ಎದುರಿಸುವುದು ಇದರ ಕಥೆ. ಒಂದು ಭಾಷೆಯಲ್ಲಿ ಚಿತ್ರವನ್ನು ತೆಗೆದು ಬೇರೆ ಭಾಷೆಗಳ ಮಾತನ್ನು ಜೋಡಿಸುವುದು ಸುಲಭದ ದಾರಿ. ಇಲ್ಲಿ ಆ ದಾರಿಯನ್ನು ಹಿಡಿಯದೆ ಕನ್ನಡ, ತೆಲುಗು, ತಮಿಳು, ಹಿಂದಿ ನಾಲ್ಕರಲ್ಲಿಯೂ ಬೇರೆ ಬೇರೆಯಾಗಿಯೇ ಚಿತ್ರವನ್ನು ತೆಗೆದರು. ಕನ್ನಡದಲ್ಲಿ ರವಿಚಂದ್ರನ್ ಅವರೇ ನಾಯಕರು, ತೆಲುಗಿನಲ್ಲಿ ನಾಗಾರ್ಜುನ, ತಮಿಳು, ಹಿಂದಿಗಳಲ್ಲಿ ಒಂದು ಕಾಲಕ್ಕೆ ಬೆಂಗಳೂರಿನ ಬಸ್ಸುಗಳಲ್ಲಿ ಕಂಡಕ್ಟರಾಗಿದ್ದ ರಜನೀಕಾಂತ್. ಇದಕ್ಕೆ ಸುಮಾರು ೧೦ ಕೋಟಿ ರೂಪಾಯಿಗಳು ವ್ಯಯವಾದುವೆಂಬುದು ಸಾಮಾನ್ಯವಾಗಿ ಹೇಳುವ ಲೆಕ್ಕ. ಆ ಕಾಲಕ್ಕೆ ಅದು ಅಸಾಧಾರಣವಾದ ಮೊತ್ತ. ಚಿತ್ರವು ಸೋತಿತು, ನಿರ್ಮಾಪಕರಿಗೆ ಬಹು ದೊಡ್ಡ ನಷ್ಟವಾಯಿತು.

ಅಂದಿನಿಂದ ಇಂದಿನವರೆಗೆ ಆ ಚಿತ್ರದ ನೆನಪು ಎರಡು ಬಗೆಯಾಗಿ ನಡೆದುಬಂದಿದೆ. ಕೆಲವರಿಗೆ ಅದರ ಹೆಸರು ಸೋಲಿಗೆ ಪರ್ಯಾಯ ಪದವಾಯಿತು. ಮಿತಿಮೀರಿದ ಸಾಹಸವನ್ನು ಯಾರಾದರೂ ಕೈಗೊಂಡರೆ ಅದನ್ನು ಎಚ್ಚರಿಕೆಯ ಮಾತಾಗಿ ಎತ್ತುವರು. ಇನ್ನು ಕೆಲವರು ಅದರ ಹಾಡುಗಳನ್ನು ಮರೆತಿಲ್ಲ. ಹಂಸಲೇಖ ಅವರ ಸಂಗೀತವು ಚಿತ್ರಮಂದಿರದಿಂದ ಚಿತ್ರವು ಇಳಿದುಹೋದ ಮೇಲೆಯೂ ಧ್ವನಿಸುರುಳಿಗಳಲ್ಲಿ, ಬಾನುಲಿಯಲ್ಲಿ ಉಳಿದುಕೊಂಡಿತು. ಇವರಿಬ್ಬರೂ ನೋಡಿದುದು ಒಂದೇ ಚಿತ್ರವನ್ನು. ಒಬ್ಬರು ನಷ್ಟವನ್ನು ಮನೆಗೆ ತಂದರು, ಇನ್ನೊಬ್ಬರು ರಾಗವನ್ನು ತಂದರು. ಇದರಲ್ಲಿ ಮೆಚ್ಚಬೇಕಾದುದು ಇನ್ನೊಂದುಂಟು. ಇವರನ್ನು ನಾಡಿನ ಪ್ರೇಕ್ಷಕರು ಕೈಬಿಡಲಿಲ್ಲ. ಅದೇ ೧೯೯೧ರ ‘ರಾಮಾಚಾರಿ’ಯನ್ನೂ ೧೯೯೨ರ ‘ಹಳ್ಳಿ ಮೇಷ್ಟ್ರು’ ಚಿತ್ರವನ್ನೂ ಗೆಲ್ಲಿಸಿದವರು ಅವರೇ. ಚಿತ್ರವನ್ನು ತಿರಸ್ಕರಿಸಿದರು, ಮನುಷ್ಯನನ್ನು ತಿರಸ್ಕರಿಸಲಿಲ್ಲ. ಈ ವಿವೇಕವು ಎಲ್ಲ ಸಭೆಗಳಿಗೂ ಸಹಜವಾಗಿ ಬರುವುದಿಲ್ಲವೆಂಬುದನ್ನು ಮುಂದೆ ನೋಡುವೆವು.

ಅದಕ್ಕೆ ಮೊದಲು, ಇದೇ ನಿರ್ದೇಶಕರ ಗೆಲುವಿನ ಮೂಲದಲ್ಲಿಯೂ ಪರರ ಸೋಲೊಂದು ಇದ್ದುದನ್ನು ಹೇಳಬೇಕು. ‘ಗ್ರೀಸ್’ ಎಂಬ ಸಂಗೀತ ನಾಟಕವು ೧೯೭೨ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭವಾಗಿ ೧೯೮೦ರವರೆಗೂ ನಡೆದು ಕೀರ್ತಿಯನ್ನು ಪಡೆಯಿತು. ೧೯೭೮ರಲ್ಲಿ ಚಲನಚಿತ್ರವಾಗಿಯೂ ಗೆದ್ದಿತು. ಆ ಚಿತ್ರದ ಮುಂದಿನ ಭಾಗವನ್ನು ೧೯೮೨ರಲ್ಲಿ ತೆಗೆದಾಗ ಅದು ನಿರೀಕ್ಷೆಯನ್ನು ಮುಟ್ಟದೆ ಬಿದ್ದುಹೋಯಿತು. ಅಲ್ಲಿ ಬಿದ್ದ ಬೀಜವು ಕನ್ನಡ ನಾಡಿನಲ್ಲಿ ಮೊಳೆಯಿತು. ಅದರ ಕಥೆಯ ಪ್ರೇರಣೆಯಿಂದ ರವಿಚಂದ್ರನ್ ಅವರು ೧೯೮೭ರಲ್ಲಿ ತೆಗೆದ ‘ಪ್ರೇಮಲೋಕ’ವು ಸಂಭಾಷಣೆಯನ್ನೇ ಹಾಡಾಗಿಸಿದ ಹೊಸ ರೀತಿಯಿಂದ ಮನೆಮನೆಯನ್ನೂ ಹೊಕ್ಕಿತು. ಅದರ ನಾಯಕಿ ಜೂಹಿ ಚಾವ್ಲಾ. ಆಕೆಯ ಮೊದಲ ಹಿಂದಿ ಚಿತ್ರವಾದ ‘ಸುಲ್ತನತ್’ ೧೯೮೬ರಲ್ಲಿ ಸೋತಿದ್ದಿತು. ಸೋತ ಕಥೆಯೂ ಸೋತ ಹುಡುಗಿಯೂ ಕನ್ನಡದ ಸಭೆಯಲ್ಲಿ ಒಟ್ಟಿಗೆ ಎದ್ದು ನಿಂತುವು. ೧೯೮೮ರ ‘ಕಯಾಮತ್ ಸೇ ಕಯಾಮತ್ ತಕ್’ ಚಿತ್ರದಿಂದ ಇಡೀ ದೇಶವೇ ಆಕೆಯನ್ನು ಅರಿಯುವ ಮುನ್ನವೇ ಕನ್ನಡಿಗರು ಆಕೆಯನ್ನು ಮೆಚ್ಚಿದ್ದರೆಂಬುದು ನಮಗೆ ಹೆಮ್ಮೆಯ ವಿಷಯ. ಮೊದಲ ಸೋಲನ್ನೇ ಹಿಡಿದು ಆಕೆಯನ್ನು ಅಳೆದಿದ್ದರೆ ಈ ಹೆಮ್ಮೆಗೆ ಅವಕಾಶವೆಲ್ಲಿ?

ಅದೇ ೧೯೮೮ನೆಯ ಇಸವಿಯಲ್ಲಿ ನ್ಯೂಯಾರ್ಕಿನ ಸಭೆಯೊಂದು ಇನ್ನೊಬ್ಬ ಹುಡುಗಿಯ ಎದುರಿನಲ್ಲಿ ಹೇಗೆ ನಡೆದುಕೊಂಡಿತೆಂಬುದು ನಮ್ಮ ಎರಡನೆಯ ಉದಾಹರಣೆ. ಆ ಪಟ್ಟಣದ ಹೆಸರಾಂತ ನಾಟಕ ಮಂದಿರಗಳ ಸಮೂಹವನ್ನು ಬ್ರಾಡ್‌ವೇ ಎಂದು ಕರೆಯುವರು. ಅಲ್ಲಿ ‘ಕ್ಯಾರಿ’ ಎಂಬ ಸಂಗೀತ ನಾಟಕವು ಮೇ ೧೨ರಂದು ವಿಧ್ಯುಕ್ತವಾಗಿ ಆರಂಭವಾಗಿ ಮೇ ೧೫ರಂದು ನಿಂತುಹೋಯಿತು. ಪೂರ್ವಭಾವಿ ಆಟಗಳು ೧೬. ಆರಂಭದ ಬಳಿಕ ನಡೆದ ಆಟಗಳು ಕೇವಲ ೫. ವ್ಯಯವಾದುದು ೭೦ ಲಕ್ಷ ಡಾಲರುಗಳಿಗೂ ಮಿಕ್ಕ ಹಣ. ಆಡಿಸಿದವರು ಸಾಮಾನ್ಯರಲ್ಲ; ಷೇಕ್ಸ್‌ಪಿಯರನ ಹುಟ್ಟೂರಾದ ಸ್ಟ್ರಾಟ್‌ಫರ್ಡಿನಲ್ಲಿ ನೆಲೆಸಿರುವ ರಾಯಲ್ ಷೇಕ್ಸ್‌ಪಿಯರ್ ಕಂಪೆನಿಯೇ ಮೊದಲು ಅದನ್ನು ಇಂಗ್ಲೆಂಡಿನಲ್ಲಿ ರಂಗಕ್ಕೆ ತಂದಿತು.

ಕಥೆಯು ಸ್ಟೀಫನ್ ಕಿಂಗ್ ಅವರ ೧೯೭೪ರ ಕಾದಂಬರಿಯದು. ಭಕ್ತಿಯ ಹೆಸರಿನಲ್ಲಿ ಕಠೋರಳಾದ ತಾಯಿಯ ಮಗಳೊಬ್ಬಳು ಹೈಸ್ಕೂಲಿನಲ್ಲಿ ಸಹಪಾಠಿಗಳ ಪರಿಹಾಸ್ಯಕ್ಕೆ ಗುರಿಯಾಗುವಳು. ಶಾಲೆಯ ಉತ್ಸವದ ದಿನ ಅವಳನ್ನು ರಾಣಿಯೆಂದು ಆರಿಸಿ, ಎಲ್ಲರ ಎದುರಿನಲ್ಲಿ ತಲೆಯ ಮೇಲೆ ಹಂದಿಯ ರಕ್ತವನ್ನು ಸುರಿಯುವರು. ಅವಳಲ್ಲಿ ಅಡಗಿದ್ದ ಅದ್ಭುತ ಶಕ್ತಿಯು ಆಗ ಕೆರಳಿ ಸರ್ವನಾಶವಾಗುವುದು. ಕಥೆಯು ಭಯಂಕರವಾದುದೇನೋ ಹೌದು. ಆದರೆ ಅದರ ಮೂಲವಿಷಯವು ನಮ್ಮ ನಿಮ್ಮ ಶಾಲೆಗಳಿಗೆ ಅಪರಿಚಿತವಾದುದಲ್ಲ. ಒಬ್ಬಳನ್ನು ನೋಡಿ ಎಲ್ಲರೂ ನಗುವುದೇ ಆ ವಿಷಯ.

ನಾಟಕವು ಬಿದ್ದುದೇಕೆ? ತಾಯಿಮಗಳ ಹಾಡುಗಳು ಗಂಭೀರವಾಗಿದ್ದುವು. ಶಾಲೆಯ ದೃಶ್ಯಗಳ ಕುಣಿತಗಳು ಬೇರೆಯೇ ಒಂದು ನಾಟಕಕ್ಕೆ ಸೇರಿದಂತೆ ಇದ್ದುವು. ಹಂದಿಯನ್ನು ಕೊಲ್ಲಲು ಹೊರಟವರ ಹಾಡು ಕುಣಿತಗಳು ಭೀತಿಯನ್ನುಂಟುಮಾಡುವ ಬದಲು ನಗೆಯನ್ನುಂಟುಮಾಡಿದುವು. ಪತ್ರಿಕೆಗಳ ವಿಮರ್ಶೆಗಳು ಬಹುಮಟ್ಟಿಗೆ ನಿರ್ದಯವಾಗಿದ್ದುವು. ಮಗಳ ಪಾತ್ರವನ್ನು ವಹಿಸಿದ ಲಿಂಜಿ ಹೇಟ್ಲಿ ಎಂಬ ಇಂಗ್ಲಿಷ್ ಹುಡುಗಿಗೆ ಆಗ ೧೭ ವರ್ಷ. ನಮ್ಮಲ್ಲಾದರೆ ಕಾಲೇಜಿನ ಮೆಟ್ಟಿಲನ್ನು ಆಗತಾನೇ ಹತ್ತಿರುವ ವಯಸ್ಸು.

ಅಲ್ಲಿದ್ದವರ ನೆನಪುಗಳು ಇಲ್ಲಿಯೇ ಬೆಲೆಯುಳ್ಳವಾಗುವುವು. ನಾಟಕವು ಮುಗಿದು ದೀಪಗಳು ಆರಿದೊಡನೆ ಸಭೆಯಲ್ಲಿ ಧಿಕ್ಕಾರದ ಕೂಗುಗಳು ಎದ್ದುವಂತೆ. ಮರುಕ್ಷಣದಲ್ಲಿ ಬೆಳಕು ಬಂದು, ತಾಯಿಯ ಪಾತ್ರದ ಬೆಟ್ಟಿ ಬಕ್ಲಿಯೂ ಮಗಳ ಪಾತ್ರದ ಹುಡುಗಿಯೂ ವಂದಿಸಲು ನಿಂತಾಗ ಸಭೆಯೇ ಎದ್ದು ನಿಂತು ಹರ್ಷಧ್ವನಿ ಮಾಡಿತಂತೆ. ಗುಂಪಿನ ಪರಿಹಾಸ್ಯದಿಂದ ಒಂದು ಜೀವವು ಹೇಗೆ ನಾಶವಾಗುವುದೆಂಬುದನ್ನು ತೋರಿಸಿದ ನಾಟಕವದು. ಅದನ್ನು ನೋಡಿದ ಗುಂಪಿಗೂ ಅದೇ ಪರೀಕ್ಷೆಯು ಒದಗಿತು. ನಾಟಕವನ್ನು ಧಿಕ್ಕರಿಸಿದವರು ಹುಡುಗಿಯನ್ನು ಧಿಕ್ಕರಿಸಲಿಲ್ಲ.

ಮುಂದೆ ನಡೆದುದೂ ಗಮನಾರ್ಹವಾಗಿದೆ. ಆ ಮೂಲ ನಾಟಕದ ಧ್ವನಿಮುದ್ರಿಕೆಯು ಮಾರಾಟಕ್ಕೆ ಬರಲೇ ಇಲ್ಲ. ಕೆಲವರು ಗುಟ್ಟಾಗಿ ಮುದ್ರಿಸಿಕೊಂಡ ಸುರುಳಿಗಳು ಕೈಯಿಂದ ಕೈಗೆ ಹೋದುವು. ನೋಡಿದವರು ನೋಡದವರಿಗೆ ವರ್ಣಿಸಿದರು. ಅಮೇರಿಕೆಯ ಸೋತ ಸಂಗೀತ ನಾಟಕಗಳ ಕುರಿತಾಗಿ ಕೆನ್ ಮ್ಯಾಂಡೆಲ್‌ಬಾಮ್ ಅವರು ೧೯೯೧ರಲ್ಲಿ ಬರೆದ ಗ್ರಂಥದ ಹೆಸರಿನಲ್ಲಿಯೇ ಈ ನಾಟಕದ ಹೆಸರು ಸೇರಿಕೊಂಡಿತು. ಕೊನೆಗೆ ೨೦೧೨ರಲ್ಲಿ ಕರ್ತೃಗಳು ಅದನ್ನು ತಿದ್ದಿ ನ್ಯೂಯಾರ್ಕಿನ ಚಿಕ್ಕ ರಂಗಮಂದಿರವೊಂದಕ್ಕೆ ತಂದರು. ಆಗ ಹಾಡುಗಳ ಮುದ್ರಿಕೆಯೂ ಹೊರಬಂದಿತು. ಈಗ ಅಲ್ಲಿಯ ಹೈಸ್ಕೂಲುಗಳ ಮಕ್ಕಳೇ ಅದನ್ನು ಆಡುವರು. ಲಿಂಜಿ ಹೇಟ್ಲಿಯಾದರೋ ೧೯೯೧ರಲ್ಲಿ ಲಂಡನ್ನಿನ ಪಲ್ಲಾಡಿಯಮ್ ಮಂದಿರದಲ್ಲಿ, ಯೋಸೇಫನ ಕಥೆಯ ಸಂಗೀತ ನಾಟಕದಲ್ಲಿ ಕಥೆ ಹೇಳುವವಳಾಗಿ ಕಾಣಿಸಿಕೊಂಡಳು. ಐದು ಆಟಗಳ ಸೋಲು ಆಕೆಯ ಕೊರಳನ್ನು ಕಟ್ಟಲಿಲ್ಲ.

ಇಲ್ಲಿ ಒಂದು ಆಕ್ಷೇಪಣೆಯು ಬರಬಹುದು. ಹಣ ಕೊಟ್ಟು ಬಂದವರಿಗೆ ಕೆಟ್ಟುದನ್ನು ಕೆಟ್ಟುದೆನ್ನುವ ಅಧಿಕಾರವಿಲ್ಲವೇ? ಎಲ್ಲವನ್ನೂ ಹೊಗಳುತ್ತ ಕುಳಿತರೆ ಕಲೆಯು ಬೆಳೆಯುವುದೆಂತು? ಆಕ್ಷೇಪಣೆಯು ಯುಕ್ತವಾದುದೇ. ಸುಳ್ಳು ಹೊಗಳಿಕೆಯೂ ಮಕ್ಕಳಿಗೆ ಮಾಡುವ ಒಂದು ದ್ರೋಹ. ‘ಕ್ಯಾರಿ’ಯ ದೋಷಗಳನ್ನು ಬಿಚ್ಚಿ ಹೇಳದಿದ್ದರೆ ಅದನ್ನು ತಿದ್ದಲು ಯಾರೂ ಕೈಹಾಕುತ್ತಿರಲಿಲ್ಲ. ಆದರೆ ದೋಷವನ್ನು ಹೇಳುವವನು ಆಟವನ್ನು ನೋಡುತ್ತಿರುವನು. ಅಣಕಿಸುವವನು ಆಟವನ್ನು ಬಿಟ್ಟು ಆಡಿದವರ ಮುಖವನ್ನು ನೋಡುತ್ತಿರುವನು. ಮೊದಲನೆಯವನ ಮಾತಿನಿಂದ ಮುಂದಿನ ಆಟವು ಸುಧಾರಿಸುವುದು. ಎರಡನೆಯವನ ನಗೆಯಿಂದ ಮುಂದಿನ ಆಟವೇ ಇಲ್ಲವಾಗುವುದು. ವೃತ್ತಿಯಿಂದ ನಟಿಯಾದವಳೇ ಈ ನಗೆಯನ್ನು ತಾಳುವುದು ಕಷ್ಟವಾದರೆ, ಹನ್ನೆರಡು ಹದಿಮೂರು ವರ್ಷದ ಬಾಲಿಕೆಯು ತಾಳುವುದೆಂತು?

ಈ ಮಾತನ್ನು ಈಗ ಹೇಳಲು ಕಾರಣವಿದೆ. ಹಿಂದೆ ಶಾಲೆಯ ರಂಗದ ಮೇಲೆ ಎಡವಿದವಳ ನೆನಪು ಆ ಸಭಾಭವನದ ನಾಲ್ಕು ಗೋಡೆಗಳೊಳಗೆ ಇರುತ್ತಿದ್ದಿತು. ಬೇಸಗೆಯ ರಜೆಯು ಕಳೆಯುವಷ್ಟರಲ್ಲಿ ಮಸುಕಾಗುತ್ತಿದ್ದಿತು. ಈಗ ಪ್ರತಿಯೊಬ್ಬ ಸಭಿಕರ ಕೈಯಲ್ಲಿಯೂ ಮೊಬೈಲ್ ಫೋನು ಇರುವುದು. ಮಾತು ಮರೆತ ಮಗುವಿನ ಅರ್ಧ ನಿಮಿಷದ ಚಿತ್ರವು ಆಟವು ಮುಗಿಯುವುದರೊಳಗೆ ಇಂದಿರಾನಗರದಿಂದ ಕೃಷ್ಣರಾಜಪುರಕ್ಕೆ, ಅಲ್ಲಿಂದ ಹೊರದೇಶಗಳಿಗೆ ತಲಪುವುದು. ಕಳುಹಿಸಿದವರಿಗೆ ಅದು ಒಂದು ಗಳಿಗೆಯ ವಿನೋದ. ಮಗುವಿಗೆ ಅದು ಅಳಿಸಲಾಗದ ಬರಹ. ಸ್ಮರಣೆಯು ಮನುಷ್ಯರಲ್ಲಿದ್ದಾಗ ಅದರೊಡನೆ ಮರೆವೆಂಬ ದಯೆಯೂ ಇದ್ದಿತು. ಯಂತ್ರಕ್ಕೆ ಆ ದಯೆಯಿಲ್ಲ. ಆದುದರಿಂದ ಯಂತ್ರವನ್ನು ಹಿಡಿದವರಲ್ಲಿಯೇ ಆ ದಯೆ ಇರಬೇಕು.

ತಾಯ್ತಂದೆಗಳಲ್ಲಿ ನಾವು ಬಿನ್ನವಿಸುವುದು ಇಷ್ಟೆ. ನಿಮ್ಮ ಮಗಳ ಆಟದ ಚಿತ್ರವನ್ನು ಸಂತೋಷವಾಗಿ ತೆಗೆಯಿರಿ. ಪರರ ಮಗಳು ತಡವರಿಸಿದುದನ್ನು ತೆಗೆಯಬೇಡಿರಿ, ಬಂದರೆ ಮುಂದಕ್ಕೆ ಕಳುಹಿಸಬೇಡಿರಿ. ಮನೆಗೆ ಹೋಗುವ ದಾರಿಯಲ್ಲಿ ತಪ್ಪಿನ ಮಾತನ್ನು ಎತ್ತುವ ಮೊದಲು ಚೆನ್ನಾಗಿದ್ದ ಒಂದನ್ನಾದರೂ ಹುಡುಕಿ ಹೇಳಿರಿ. ‘ಶಾಂತಿ ಕ್ರಾಂತಿ’ಯಂತಹ ಸೋಲಿನಲ್ಲಿಯೇ ಮನೆಗೆ ತರತಕ್ಕ ರಾಗವಿದ್ದಿತು, ನಿಮ್ಮ ಮಗಳ ಆಟದಲ್ಲಿ ಇರದೆ? ಉಪಾಧ್ಯಾಯಿನಿಯರಲ್ಲಿ ನಮ್ಮ ಪ್ರಾರ್ಥನೆಯೆಂದರೆ, ಈ ವರ್ಷ ಎಡವಿದವಳಿಗೆ ಮುಂದಿನ ವರ್ಷ ತೆರೆಯನ್ನು ಎಳೆಯುವ ಕೆಲಸವನ್ನು ಕೊಡದೆ, ಚಿಕ್ಕದಾದರೂ ಮಾತುಳ್ಳ ಪಾತ್ರವನ್ನೇ ಕೊಡಬೇಕು. ತಪ್ಪನ್ನು ಮಾತಿನಿಂದ ಮಾತ್ರ ಕ್ಷಮಿಸಿದರೆ ಸಾಲದು. ಕ್ಷಮಿಸಿದುದಕ್ಕೆ ಸಾಕ್ಷಿಯು ಎರಡನೆಯ ಅವಕಾಶವೇ.

ಹಳೆಯ ವಿದ್ಯಾರ್ಥಿನಿಯರಲ್ಲಿ ಒಂದು ಮಾತು. ನೀವು ಒಟ್ಟುಗೂಡಿದಾಗಲೆಲ್ಲ ಹಳೆಯ ನಾಟಕಗಳ ಅವಾಂತರಗಳನ್ನು ನೆನೆದು ನಗುವಿರಿ. ನಗಬಾರದೆಂದು ಯಾರೂ ಹೇಳರು. ಆ ನಗೆಯಲ್ಲಿ ಸ್ನೇಹವುಂಟು. ಆದರೆ ಆ ಕತೆಯ ನಾಯಕಿಯು ನಿಮ್ಮೊಡನೆ ಕುಳಿತು ನಗುತ್ತಿರುವಳೇ, ಅಥವಾ ಆ ಕಾರಣದಿಂದಲೇ ಯಾವ ಕೂಟಕ್ಕೂ ಬಾರದಿರುವಳೇ ಎಂಬುದನ್ನು ಒಮ್ಮೆ ವಿಚಾರಿಸಿರಿ. ಬಾರದಿದ್ದರೆ ಈ ಸಲದ ಕರೆಯೋಲೆಯನ್ನು ಅವಳಿಗೇ ಮೊದಲು ಕಳುಹಿಸಿರಿ.

ನಡೆಯುವವರು ಎಡವುವರಲ್ಲದೆ ಕುಳಿತವರು ಎಡವುವರೇ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ರಂಗದ ಮೇಲೆ ನಿಂತವಳು ನಡೆದಿರುವಳು. ಸಭೆಯಲ್ಲಿರುವ ನಾವೆಲ್ಲರೂ ಕುಳಿತವರು. ಎಡವಿದವಳ ಬಗೆಗೆ ಕುಳಿತವರು ತೋರಬೇಕಾದ ಮೊದಲ ಮರ್ಯಾದೆಯೆಂದರೆ, ಅವಳು ಮತ್ತೆ ನಡೆಯುವವರೆಗೆ ಕಾಯುವುದು.