ಹೊಟ್ಟೆ ಕಟ್ಟಿ ದಾನ ಮಾಡುವುದು ಸರಿಯೆ?

ಊಟದ ಖರ್ಚನ್ನು ಆದಷ್ಟು ಇಳಿಸಿ, ಉಳಿದ ದುಡ್ಡನ್ನು ಹಸಿದವರಿಗೋ ಓದುವ ಬಡ ಮಕ್ಕಳಿಗೋ ಕೊಡುವವರು ನಮ್ಮ ನಡುವೆ ಇದ್ದಾರೆ. ಈ ವ್ರತವನ್ನು ಎಲ್ಲರೂ ಹಿಡಿಯಬಹುದೆ? ಎರಡೂ ಕಡೆಯ ವಾದ ಇಲ್ಲಿದೆ.

ಪರ: ಹಿಡಿ ಅಕ್ಕಿ ತೆಗೆದಿಟ್ಟು ಬಡವಾದವರಿಲ್ಲ

ಅನ್ನಕ್ಕೆ ಅಕ್ಕಿ ಅಳೆಯುವಾಗ ದಿನವೂ ಒಂದು ಹಿಡಿಯನ್ನು ಬೇರೆ ಮಡಕೆಗೆ ಹಾಕುವುದು ನಮ್ಮ ಅಜ್ಜಿಯರ ರೂಢಿ. ಮಡಕೆ ತುಂಬಿದ ಮೇಲೆ ಅದು ಮಠಕ್ಕೋ ಇಲ್ಲದವರ ಮನೆಗೋ ಹೋಗುತ್ತಿತ್ತು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತರುತ್ತಿದ್ದ, ಹೆಂಡತಿ ಲಕ್ಕಮ್ಮ ಅದನ್ನು ಬೇಯಿಸಿ ದಾಸೋಹ ನಡೆಸುತ್ತಿದ್ದಳು. ಒಂದು ದಿನ ಗಂಡ ಹೆಚ್ಚು ಅಕ್ಕಿ ತಂದಾಗ, ನಮಗೇಕೆ ಇಷ್ಟು ಎಂದು ಅವಳು ಹಿಂದಕ್ಕೆ ಕಳಿಸಿದಳು. ಕೊಡಲು ಸಿರಿತನ ಬೇಡ, ಸಾಕು ಎನ್ನುವ ಮನಸ್ಸು ಬೇಕು ಎಂಬುದನ್ನು ತೋರಿಸಿಕೊಟ್ಟವರು ಅವರು.

1965ರಲ್ಲಿ ಯುದ್ಧ, ಬರ, ಅಮೆರಿಕದ ಗೋಧಿಯ ಹಂಗು ಒಟ್ಟಿಗೆ ಬಂದಾಗ ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿ ವಾರಕ್ಕೆ ಒಂದು ಹೊತ್ತಿನ ಊಟ ಬಿಡಿ ಎಂದು ಕೇಳಿಕೊಂಡರು. ದೇಶ ಓಗೊಟ್ಟಿತು. ಎಷ್ಟೋ ಹೋಟೆಲುಗಳು ಸೋಮವಾರ ಸಂಜೆ ಬಾಗಿಲು ಹಾಕಿದವು.

ಕಡಿಮೆ ಖರ್ಚಿನಲ್ಲಿ ಸತ್ವದ ಊಟ ಸಿಗದು ಎನ್ನುವವರು ರಾಗಿ ಮುದ್ದೆ, ಹುರುಳಿ ಸಾರು, ಸೊಪ್ಪಿನ ಪಲ್ಯವನ್ನು ಮರೆತಿದ್ದಾರೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಅಷ್ಟೇ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ. ಹೋಟೆಲಿನ ತಿಂಡಿ ಬಿಟ್ಟು ಬುತ್ತಿ ಕಟ್ಟಿಕೊಂಡು ಹೋಗಿ ದಿನಕ್ಕೆ 50 ರೂಪಾಯಿ ಉಳಿಸಿದರೂ ವರ್ಷಕ್ಕೆ 18,250 ರೂಪಾಯಿ. ಹಳ್ಳಿಯ ಒಂದು ಮಗುವಿನ ಪುಸ್ತಕ, ಬಟ್ಟೆ, ಬಸ್ ಪಾಸಿಗೆ ಇದು ದೊಡ್ಡ ಆಸರೆ. ನಾಲಿಗೆಯನ್ನು ಹಿಡಿತದಲ್ಲಿಟ್ಟವನಿಗೆ ಹಸಿವೆಂದರೇನು ಎಂಬುದೂ ಅರ್ಥವಾಗುತ್ತದೆ.

ವಿರೋಧ: ಮೊದಲು ಬರಿದಾಗುವುದು ಯಾರ ತಟ್ಟೆ?

ಮನೆಯಲ್ಲಿ ಊಟದ ಖರ್ಚು ಇಳಿಸೋಣ ಎಂದ ಕೂಡಲೇ ಅಕ್ಕಿ ಕಡಿಮೆಯಾಗುವುದಿಲ್ಲ. ಮೊದಲು ಹೋಗುವುದು ಹಾಲು, ಮೊಟ್ಟೆ, ಹಣ್ಣು. ಆಮೇಲೆ ಬೇಳೆ ತೆಳುವಾಗುತ್ತದೆ. ಎಲ್ಲರಿಗೂ ಬಡಿಸಿ ಕೊನೆಯಲ್ಲಿ ಕೂರುವ ತಾಯಿಗೆ ಉಳಿಯುವುದು ಅನ್ನ, ತಿಳಿಸಾರು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಶೇಕಡ 57 ಮಂದಿಗೆ ರಕ್ತಹೀನತೆ ಇತ್ತು. ಇಂಥ ನಾಡಿನಲ್ಲಿ ಅರೆಹೊಟ್ಟೆಯನ್ನು ಪುಣ್ಯವೆಂದು ಹೊಗಳುವುದು ತಪ್ಪು.

ನಗರದಲ್ಲಿ ದಿನಕ್ಕೆ 32 ರೂಪಾಯಿ ಖರ್ಚು ಮಾಡಬಲ್ಲವನು ಬಡವನಲ್ಲ ಎಂಬ ಯೋಜನಾ ಆಯೋಗದ ಲೆಕ್ಕ 2011ರಲ್ಲಿ ಗದ್ದಲವೆಬ್ಬಿಸಿತು. ಆಗ ಬೆಂಗಳೂರಿನ ಇಬ್ಬರು ವಿದ್ಯಾವಂತ ತರುಣರು ತೀರಾ ಕಡಿಮೆ ಹಣದಲ್ಲಿ ಬದುಕಿ ನೋಡಿದರು. ದಿನದ ಬಹುಪಾಲು ಊಟದ ಚಿಂತೆಯಲ್ಲೇ ಕಳೆಯಿತು ಎಂಬುದು ಅವರ ಅನುಭವ. ಹಾಗಿದ್ದ ಮೇಲೆ ದುಡಿಯುವುದು ಯಾವಾಗ, ಕೊಡುವುದು ಎಲ್ಲಿಂದ?

ಶಾಸ್ತ್ರಿಯವರ ಕಾಲದಲ್ಲಿ ದೇಶಕ್ಕೆ ಧಾನ್ಯವೇ ಸಾಲದಾಗಿತ್ತು. ಒಬ್ಬ ಬಿಟ್ಟ ತುತ್ತು ಇನ್ನೊಬ್ಬನಿಗೆ ಸೇರುತ್ತಿತ್ತು. ಆದರೂ ಆ ಕೊರತೆ ನೀಗಿದ್ದು ಹೊಸ ತಳಿ, ನೀರಾವರಿ ಮತ್ತು ರೈತರ ದುಡಿಮೆಯಿಂದ. ಇಂದು ಸರ್ಕಾರದ ಗೋದಾಮಿನಲ್ಲಿ ಧಾನ್ಯವಿದೆ. 2013ರ ಆಹಾರ ಭದ್ರತಾ ಕಾಯ್ದೆ ಅದನ್ನು ಬಡವರ ಹಕ್ಕಾಗಿಸಿದೆ. ಪಡಿತರ ತಪ್ಪಿದವನಿಗೆ ಕಾರ್ಡು ಮಾಡಿಸಿಕೊಡುವುದು ನಾವು ಊಟ ಬಿಡುವುದಕ್ಕಿಂತ ದೊಡ್ಡ ನೆರವು. ಇನ್ನು, ದುಡ್ಡು ಉಳಿಸಲೆಂದು ಸಂಬಳದಾರರು ಸರ್ಕಾರದ ಅಗ್ಗದ ಊಟದ ಇಂದಿರಾ ಕ್ಯಾಂಟೀನಿನ ಸಾಲಿನಲ್ಲಿ ನಿಂತರೆ ಕೂಲಿಯವನ ತಟ್ಟೆಗೇ ಕೈ ಹಾಕಿದಂತೆ.

ಲಕ್ಕಮ್ಮ ಹಿಂದಕ್ಕೆ ಕಳಿಸಿದ್ದು ಹೆಚ್ಚಾದ ಅಕ್ಕಿಯನ್ನು. ಹಸಿದಿರು ಎಂದು ಅವಳು ಗಂಡನಿಗೆ ಹೇಳಲಿಲ್ಲ. ಸಿದ್ಧಗಂಗಾ ಮಠದ ದಾಸೋಹಕ್ಕೂ ರೈತರು ಕೊಟ್ಟದ್ದು ಬೆಳೆದದ್ದರಲ್ಲಿ ಒಂದು ಪಾಲು.

ನಮ್ಮ ನಿಲುವು

ಕಡಿಮೆ ಖರ್ಚಿನ ಊಟ ಬೇರೆ, ಕಡಿಮೆ ಊಟ ಬೇರೆ. ಮೊದಲನೆಯದು ಒಳ್ಳೆಯ ಅಭ್ಯಾಸ, ಅದರಿಂದ ಉಳಿದ ದುಡ್ಡು ದಾನಕ್ಕೆ ಹೋದರೆ ಇನ್ನೂ ಒಳ್ಳೆಯದು. ಆದರೆ ಈ ವ್ರತ ಹಿಡಿಯುವವರು ತಮ್ಮೊಬ್ಬರ ಪಾಲಿನಲ್ಲೇ ಹಿಡಿಯಬೇಕು. ಮಕ್ಕಳು, ಬಸುರಿ ಬಾಣಂತಿಯರು, ವಯಸ್ಸಾದವರು, ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವವರನ್ನು ಇದಕ್ಕೆ ಎಳೆಯಬಾರದು. ಹೋಟೆಲಿನ ಬಿಲ್ಲು, ಫೋನಿನಲ್ಲಿ ತರಿಸಿಕೊಳ್ಳುವ ಊಟ, ಮದುವೆಮನೆಯಲ್ಲಿ ಎಲೆಯಲ್ಲಿ ಬಿಟ್ಟೇಳುವ ಹೋಳಿಗೆ, ಇಲ್ಲಿಂದ ಉಳಿತಾಯ ಶುರುವಾಗಲಿ. ಬೇಳೆ, ಹಾಲು, ಸೊಪ್ಪನ್ನು ಮುಟ್ಟಬೇಡಿ. ಈ ತಿಂಗಳು ಹಾಗೆ ಉಳಿದದ್ದನ್ನು ಲೆಕ್ಕ ಹಾಕಿ, ನಿಮ್ಮೂರಿನ ಒಂದು ಮಗುವಿನ ಓದಿಗೆ ಕೊಡಿ.