ಮೇಲಿನ ಬಾಗಿಲು, ಕೆಳಗಿನ ಬಾಗಿಲು



"ಕ್ಯಾಂಪಸ್ಸಿನಲ್ಲಿ ನಿಮ್ಮದೇ ಒಂದು ಬೇರೆ ಸಂಘ ಯಾಕ್ರಯ್ಯಾ? ವಿದ್ಯಾರ್ಥಿ ಅಂದ್ಮೇಲೆ ಎಲ್ಲಾ ಒಂದೇ ಅಲ್ವಾ?" ಈ ಮಾತು ಕಿವಿಗೆ ಬೀಳದ ಹಾಸ್ಟೆಲ್ ಹುಡುಗ ನಮ್ಮಲ್ಲಿ ಯಾರಿದ್ದಾನೆ? ಕೇಳುವವರು ಶತ್ರುಗಳೂ ಅಲ್ಲ. ಜುಬ್ಬ ತೊಟ್ಟು, ಹೆಗಲಿಗೊಂದು ಚೀಲ ನೇತುಹಾಕಿಕೊಂಡು, ನಮ್ಮ ಸಭೆಗೇ ಬಂದು ಮುಂದಿನ ಸಾಲಿನಲ್ಲಿ ಕೂರುವ ಪ್ರಗತಿಪರ ಮಿತ್ರರು. ಮಾತಿನ ನಡುವೆ 1968 ಅನ್ನುತ್ತಾರೆ. ಪ್ಯಾರಿಸ್ ಅನ್ನುತ್ತಾರೆ, ಕೊಲಂಬಿಯಾ ಅನ್ನುತ್ತಾರೆ. ಅಲ್ಲಿ ವಿದ್ಯಾರ್ಥಿಗಳೆಲ್ಲ ಒಂದಾಗಿ ಯೂನಿವರ್ಸಿಟಿಯನ್ನೇ ಅಲ್ಲಾಡಿಸಿಬಿಟ್ಟರಂತೆ. ನಾವು ಮಾತ್ರ ಜಾತಿ ಜಾತಿ ಅಂತ ಒಡಕು ತರ್ತಾ ಇದೀವಂತೆ.

ಸರಿ ಸ್ವಾಮಿ. ಕೊಲಂಬಿಯಾದ ಹೆಸರು ನೀವೇ ಎತ್ತಿದಿರಿ. ನಮಗೇನು ಅದು ಗೊತ್ತಿಲ್ಲದ ಜಾಗವಲ್ಲ. 1913ರಿಂದ 1916ರ ತನಕ ಬಾಬಾಸಾಹೇಬರು ಓದಿದ್ದು ಅಲ್ಲೇ. ಅಲ್ಲಿ ನಡೆದದ್ದನ್ನ ಈಗ ಪೂರ್ತಿ ಹೇಳೋಣ, ನೀವು ನುಂಗಿಕೊಂಡ ಭಾಗವನ್ನೂ ಸೇರಿಸಿ.

ನ್ಯೂಯಾರ್ಕಿನಲ್ಲಿ ಕೊಲಂಬಿಯಾ ಯೂನಿವರ್ಸಿಟಿ ಇರುವುದು ಒಂದು ದಿಬ್ಬದ ಮೇಲೆ. ಮಾರ್ನಿಂಗ್‌ಸೈಡ್ ಹೈಟ್ಸ್ ಅಂತ ಅದರ ಹೆಸರು. ದಿಬ್ಬದ ಪೂರ್ವಕ್ಕೆ ಕಡಿದಾದ ಬಂಡೆ. ಆ ಬಂಡೆಯ ಇಳಿಜಾರಿನಲ್ಲಿ ಒಂದು ಸಾರ್ವಜನಿಕ ಪಾರ್ಕು. ಪಾರ್ಕು ಇಳಿದರೆ ಹಾರ್ಲೆಮ್, ಕಪ್ಪು ಜನರ ವಸತಿ. ಊರು ಯಾವ ಕಡೆ, ಕೇರಿ ಯಾವ ಕಡೆ ಅಂತ ಚರಂಡಿ ನೀರು ಹರಿಯೋ ದಿಕ್ಕು ನೋಡಿಯೇ ಹೇಳಬಲ್ಲ ನಮಗೆ ಇದಕ್ಕೆ ನಕ್ಷೆ ಬೇಕಾಗಿಲ್ಲ.

ಮೇಲಿದ್ದವರಿಗೆ ಜಾಗ ಸಾಲದು. 1960ರ ದಶಕದಲ್ಲಿ ಯೂನಿವರ್ಸಿಟಿ ಸುತ್ತಮುತ್ತಲ ನೂರಕ್ಕೂ ಹೆಚ್ಚು ಕಟ್ಟಡಗಳನ್ನು ಕೊಂಡುಕೊಂಡಿತು. ಸಾವಿರಾರು ಬಾಡಿಗೆದಾರರು ಗಂಟುಮೂಟೆ ಕಟ್ಟಬೇಕಾಯಿತು. ಹೆಚ್ಚಿನವರು ಕಪ್ಪು ಜನ, ಪೋರ್ಟೊರಿಕೊದ ಜನ. ಅಷ್ಟಕ್ಕೂ ತೃಪ್ತಿಯಾಗಲಿಲ್ಲ. ಪಾರ್ಕಿನಲ್ಲಿ ಎರಡು ಎಕರೆ ಜಾಗವನ್ನು ನಗರಸಭೆಯಿಂದ ಗುತ್ತಿಗೆ ಹಿಡಿಯಿತು, ಜಿಮ್ನಾಷಿಯಂ ಕಟ್ಟುತ್ತೇವೆ ಅಂತ. ಬಾಡಿಗೆ ವರ್ಷಕ್ಕೆ 3,000 ಡಾಲರು! ಹಾರ್ಲೆಮ್ಮಿನ ಮಕ್ಕಳು ಆಡೋ ಜಾಗ ಅದು.

ಆ ಜಿಮ್ನಾಷಿಯಮ್ಮಿನ ನಕ್ಷೆ ಹೇಗಿತ್ತು ಕೇಳಿ. ದಿಬ್ಬದ ಕಡೆಗೆ, ಮೇಲ್ಗಡೆ, ವಿದ್ಯಾರ್ಥಿಗಳಿಗೆ ಬಾಗಿಲು. ಹಾರ್ಲೆಮ್ಮಿನ ಕಡೆಗೆ, ಬುಡದಲ್ಲಿ, ಅಲ್ಲಿನ ಜನಕ್ಕೆ ಇನ್ನೊಂದು ಬಾಗಿಲು. ಕಟ್ಟಡದ ಬಹುಭಾಗ ಮೇಲಿನವರಿಗೆ. ಕೆಳಗಿನವರಿಗೆ ಕೆಳಗಿನ ಅಂತಸ್ತಿನಲ್ಲಿ ಒಂದು ಪಾಲು, ನೂರಕ್ಕೆ ಹನ್ನೆರಡರಷ್ಟು. ಗಲಾಟೆ ಎದ್ದಾಗ, 1967ರಲ್ಲಿ, ಕೆಳಗಡೆಗೂ ಒಂದು ಈಜುಕೊಳ ಹಾಕಿಕೊಡ್ತೀವಿ ಅಂದರು. ಬೇರೆ ಕೊಳ ಕಣ್ರಪ್ಪ! ನೀರು ಬೇರೆ ಮಾಡೋ ಬುದ್ಧಿ ನಮ್ಮ ದೇಶದ ಪುರೋಹಿತರ ಸ್ವತ್ತೇನಲ್ಲ. ಜಾಗ ಇಳಿಜಾರು, ಅದಕ್ಕೇ ಎರಡು ಬಾಗಿಲು ಅಂತ ಯಾರಾದರೂ ಸಮಜಾಯಿಷಿ ಹೇಳಬಹುದು. ನಮ್ಮೂರ ಹೋಟೆಲಿನವನಿಗೂ ಹೊರಗಡೆ ಬೇರೆ ಲೋಟ ಇಡೋದಕ್ಕೆ ಏನೋ ಒಂದು ಕಾರಣ ಇದ್ದೇ ಇರುತ್ತಿತ್ತು. ಅಮೆರಿಕದ ದಕ್ಷಿಣದಲ್ಲಿ ಕಪ್ಪು ಜನರನ್ನು ಬಸ್ಸಿನಲ್ಲಿ, ಶಾಲೆಯಲ್ಲಿ, ನಲ್ಲಿಯಲ್ಲಿ ಬೇರೆಯಿಟ್ಟ ಕಾನೂನುಗಳಿಗೆ 'ಜಿಮ್ ಕ್ರೋ' ಅಂತ ಹೆಸರು. ಹುಡುಗರು ಈ ಜಿಮ್ಮಿಗೂ ಅದೇ ಹೆಸರಿಟ್ಟರು. ಕವಿಗಳು ಹೊಟ್ಟೆಕಿಚ್ಚು ಪಡುವಂಥ ಶ್ಲೇಷೆ.

ಈಗ ದಿಬ್ಬದ ಮೇಲಿದ್ದ ಕಪ್ಪು ವಿದ್ಯಾರ್ಥಿಗಳ ಪಾಡು. ಇದ್ದವರೇ ಕೆಲವರು. ಕ್ಲಾಸಿನಲ್ಲಿ ತಲೆಯೆತ್ತಿ ನೋಡಿದರೆ ತನ್ನಂಥ ಮುಖ ಇನ್ನೊಂದಿರುವುದೇ ಅಪರೂಪ. ಕ್ಯಾಂಪಸ್ಸಿನ ಕಾವಲುಗಾರರು ಬಿಳಿ ಹುಡುಗರನ್ನು ಬಿಟ್ಟು ಇವರನ್ನೇ ತಡೆದು ಗುರುತಿನ ಚೀಟಿ ಕೇಳುವರು. 1964ರಲ್ಲಿ ಇವರು ಸ್ಟೂಡೆಂಟ್ಸ್ ಆಫ್ರೋ-ಅಮೆರಿಕನ್ ಸೊಸೈಟಿ ಅಂತ ತಮ್ಮದೊಂದು ಸಂಘ ಕಟ್ಟಿಕೊಂಡರು. ಮೊದಮೊದಲು ಕೂತು ಮಾತಾಡಲಿಕ್ಕೆ, ಒಬ್ಬರ ಮುಖ ಒಬ್ಬರು ನೋಡಲಿಕ್ಕೆ. ಅದನ್ನ ಸಣ್ಣ ವಿಷಯ ಅನ್ನಬೇಡಿ. ಹಾಸ್ಟೆಲಿಗೆ ಬಂದ ಮೊದಲ ವಾರ ತಮ್ಮ ತಾಲ್ಲೂಕಿನವನೊಬ್ಬ ಸಿಕ್ಕರೆ ಸಾಕು ಅಂತ ಮೆಸ್ಸಿನಲ್ಲಿ ತಟ್ಟೆ ಹಿಡಿದು ಹುಡುಕಿದವರಿಗೆ ಅದೇನು ಅಂತ ಗೊತ್ತು. ಆದರೆ ಜಿಮ್ಮಿನ ಪ್ರಶ್ನೆ ಬಂದಾಗ ಈ ಸಂಘಕ್ಕೆ ನಿಜವಾದ ಪರೀಕ್ಷೆ ಬಂತು. ಇವರು ಮೇಲಿನ ಬಾಗಿಲಿನಿಂದ ಒಳಗೆ ಹೋಗಬಹುದಾದವರು. ಐಡಿ ಕಾರ್ಡು ಇದೆ. ಹಾರ್ಲೆಮ್ಮಿನಲ್ಲಿರುವ ಅವರ ಅಕ್ಕನ ಮಗ ಕೆಳಗಿನ ಬಾಗಿಲಿಗೆ ಹೋಗಬೇಕು. ಮೇಲಿನ ಬಾಗಿಲು ಸಿಕ್ಕಿತಲ್ಲ ಅಂತ ಸುಮ್ಮನಾಗೋದಾ?

1968ರ ಫೆಬ್ರವರಿಯಲ್ಲಿ ಪಾರ್ಕಿನಲ್ಲಿ ಅಗೆತ ಶುರುವಾಯಿತು. ಅಡ್ಡ ನಿಂತವರನ್ನು ಪೊಲೀಸರು ಎಳೆದುಕೊಂಡು ಹೋದರು. ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಗುಂಡಿಟ್ಟು ಕೊಂದರು. ಐದು ದಿನದ ಮೇಲೆ ಯೂನಿವರ್ಸಿಟಿಯವರು ಅದೇ ಕ್ಯಾಂಪಸ್ಸಿನಲ್ಲಿ ಕಿಂಗರಿಗೆ ಶ್ರದ್ಧಾಂಜಲಿ ಸಭೆ ಇಟ್ಟರು. ಕೆಳಗೆ ಪಾರ್ಕಿನಲ್ಲಿ ಹೊಂಡ, ಮೇಲೆ ಪ್ರಾರ್ಥನಾ ಮಂದಿರದಲ್ಲಿ ಕಿಂಗರ ಗುಣಗಾನ. ಮಾರ್ಕ್ ರಡ್ ಅನ್ನುವ ಬಿಳಿ ವಿದ್ಯಾರ್ಥಿ ನಾಯಕ ಮೈಕಿನ ಹತ್ತಿರ ಹೋಗಿ ಇದು ಕಿಂಗರಿಗೆ ಮಾಡುವ ಅವಮಾನ ಅಂತ ಹೇಳಿ ಸಭೆ ಬಿಟ್ಟು ನಡೆದ. ಒಪ್ಪಬೇಕಾದ ಮಾತು, ಒಪ್ಪೋಣ.

ಏಪ್ರಿಲ್ 23. ಕಪ್ಪು ವಿದ್ಯಾರ್ಥಿಗಳು, ಬಿಳಿ ಎಡಪಂಥದ ಹುಡುಗರು, ಎಲ್ಲಾ ಸೇರಿ ಸಭೆ ಮಾಡಿದರು. ಪಾರ್ಕಿಗೆ ಇಳಿದು ಬೇಲಿ ಕಿತ್ತರು. ವಾಪಸು ಬಂದು ಹ್ಯಾಮಿಲ್ಟನ್ ಹಾಲ್ ಅನ್ನುವ ಕಟ್ಟಡ ಹಿಡಿದರು. ಒಬ್ಬ ಡೀನರು ತಮ್ಮ ಕೋಣೆಯೊಳಗೇ ಸಿಕ್ಕಿಕೊಂಡರು. ಇಲ್ಲಿಯ ತನಕ ನಮ್ಮ ಮಿತ್ರರು ಹೇಳುವ ಕಥೆ ಸರಿಯೇ. ಆ ರಾತ್ರಿ ಏನಾಯಿತು ಅನ್ನೋದರ ಬಳಿ ಬಂದಾಗ ಮಾತ್ರ ಅವರಿಗೆ ಕೆಮ್ಮು ಬರುತ್ತದೆ.

ಆ ರಾತ್ರಿ ಬಿಳಿ ಹುಡುಗರು ಚರ್ಚೆಗೆ ಕೂತರು. ಬಾಗಿಲು ಹಾಕಬೇಕೋ ಬೇಡವೋ, ಉಳಿದ ವಿದ್ಯಾರ್ಥಿಗಳಿಗೆ ಬೇಜಾರಾಗುತ್ತೋ ಏನೋ, ವಿಯೆಟ್ನಾಂ ಯುದ್ಧ ಮುಖ್ಯವೋ ಜಿಮ್ ಮುಖ್ಯವೋ. ಕಪ್ಪು ವಿದ್ಯಾರ್ಥಿಗಳಿಗೆ ಇದು ಚರ್ಚಾಕೂಟ ಆಗಿರಲಿಲ್ಲ. ಪೊಲೀಸು ಬಂದರೆ ಬಿಳಿ ಹುಡುಗನ ತಲೆಗೆ ಲಾಠಿ, ಕಪ್ಪು ಹುಡುಗನ ಎದೆಗೆ ಗುಂಡು. ಈ ಲೆಕ್ಕ ಅವರಿಗೆ ಗೊತ್ತಿತ್ತು. ಬೇಡಿಕೆ ಸ್ಪಷ್ಟವಾಗಿರಬೇಕು, ಶಿಸ್ತು ಬಿಗಿಯಾಗಿರಬೇಕು, ತೀರ್ಮಾನ ತಮ್ಮದಾಗಿರಬೇಕು. ಬೆಳಗಾಗುವ ಹೊತ್ತಿಗೆ ಬಿಳಿ ಗೆಳೆಯರನ್ನು ಕರೆದು ಹೇಳಿದರು: ನೀವು ಹೊರಡಿ, ನಿಮ್ಮದೇ ಒಂದು ಕಟ್ಟಡ ಹಿಡಿಯಿರಿ.

ಒಡಕು! ಅಲ್ವಾ? ಐಕ್ಯತೆಗೆ ಕೊಡಲಿ ಏಟು! ಆದರೆ ಆದದ್ದು ಏನು ನೋಡಿ. ಹೊರಬಂದ ಬಿಳಿ ಹುಡುಗರು ಮುನಿಸಿಕೊಂಡು ಮನೆಗೆ ಹೋಗಿ ಮಲಗಲಿಲ್ಲ. ನೇರವಾಗಿ ಅಧ್ಯಕ್ಷರ ಕಚೇರಿಯಿದ್ದ ಲೋ ಲೈಬ್ರರಿಗೆ ನುಗ್ಗಿದರು. ಆಮೇಲೆ ಇನ್ನೂ ಮೂರು ಕಟ್ಟಡಗಳು ಬಿದ್ದವು. ಒಂದು ಕಟ್ಟಡದಲ್ಲಿ ಒಟ್ಟಿಗೆ ಕೂತು ಚರ್ಚೆ ಮಾಡ್ತಾ ಇದ್ದಿದ್ದರೆ ಅಂದೇ ಮುಗಿಯುತ್ತಿದ್ದ ಕಥೆ, ಬೇರೆಯಾದ್ದರಿಂದ ಐದು ಕಟ್ಟಡಗಳಾಗಿ ಒಂದು ವಾರ ನಡೆಯಿತು. ಬೇಡಿಕೆ ಪಟ್ಟಿಯಲ್ಲಿ ಜಿಮ್ಮೂ ಇತ್ತು, ಯುದ್ಧ ಸಂಶೋಧನೆಯೂ ಇತ್ತು. ಅದು ಒಡೆದ ಐಕ್ಯತೆಯಲ್ಲ ಸ್ವಾಮಿ. ಯಜಮಾನಿಕೆ ಇಲ್ಲದ ಐಕ್ಯತೆ. ನಿಮಗೆ ಅಭ್ಯಾಸ ಇಲ್ಲ, ಅದಕ್ಕೇ ಗುರುತು ಸಿಗ್ತಿಲ್ಲ. ನಮ್ಮ ಸಂಘ ಯಾಕೆ ಅಂತ ಕೇಳೋದು ಬಿಟ್ಟು ಉಳಿದ ನಾಲ್ಕು ಕಟ್ಟಡಗಳಲ್ಲಿ ನೀವು ಯಾವುದು ಹಿಡೀತೀರಿ ಅಂತ ಹೇಳಿ. ನಿಮ್ಮ ಅಗ್ರಹಾರದಲ್ಲಿ, ನಿಮ್ಮ ಮನೆಯ ಅಡುಗೆಕೋಣೆಯಲ್ಲಿ ಹಿಡಿಯೋದು ಬೇಕಾದಷ್ಟಿದೆ.

ಹ್ಯಾಮಿಲ್ಟನ್ ಹಾಲಿನೊಳಗೆ ಕಪ್ಪು ವಿದ್ಯಾರ್ಥಿಗಳು ಕಟ್ಟಡವನ್ನು ಚೊಕ್ಕವಾಗಿಟ್ಟುಕೊಂಡರು. ಡೀನರನ್ನು ಒಂದು ದಿನದ ಮೇಲೆ ಬಿಟ್ಟುಕಳಿಸಿದರು. ಹಾರ್ಲೆಮ್ಮಿನ ಜನ ದಿಬ್ಬ ಹತ್ತಿ ಬಂದು ಊಟ ಕೊಟ್ಟು ಹೋದರು. ಅದನ್ನು ಬರೆಯುವಾಗ ನನ್ನ ಕೈ ಸ್ವಲ್ಪ ನಿಲ್ಲುತ್ತದೆ. ಕೆಳಗಿನ ಬಾಗಿಲಿನವರು ಮೇಲಿನ ಬಾಗಿಲಿನ ಮಕ್ಕಳಿಗೆ ಅನ್ನ ತಂದರು, ಯಾಕೆಂದರೆ ಆ ಮಕ್ಕಳು ಕೆಳಗೆ ತಿರುಗಿ ನೋಡಿದ್ದರು. ಆದರೆ ಜಗತ್ತಿನ ಪತ್ರಿಕೆಗಳು ಹೊತ್ತು ಮೆರೆಸಿದ ಫೋಟೊ ಯಾವುದು ಗೊತ್ತೆ? ಅಧ್ಯಕ್ಷರ ಕುರ್ಚಿಯಲ್ಲಿ ಕಪ್ಪು ಕನ್ನಡಕ ಹಾಕಿ, ಸಿಗಾರ್ ಹಿಡಿದು ಕೂತ ಬಿಳಿ ಹುಡುಗನದ್ದು. ಆತ ಕವಿಯಂತೆ. ಕವಿಗಳ ಮೇಲೆ ನಾನು ದೂರು ಹೇಳಬಾರದು, ಆದರೂ ಕಸ ಗುಡಿಸಿದವರ ಫೋಟೊ ಯಾಕೆ ಬರಲಿಲ್ಲ?

ಒಂದು ವಾರ ಪೊಲೀಸರನ್ನು ಕರೆಯಲು ಆಡಳಿತ ಹಿಂದೆ ಮುಂದೆ ನೋಡಿತು. ಬಿಳಿ ಹುಡುಗರ ಸಿಗಾರಿಗೆ ಹೆದರಿ ಅಲ್ಲ. ಕಿಂಗರ ಕೊಲೆಯಾಗಿ ಮೂರು ವಾರ, ಊರೂರಲ್ಲಿ ಬೆಂಕಿ ಬಿದ್ದು ಇನ್ನೂ ಹೊಗೆ ಆರಿರಲಿಲ್ಲ. ಹ್ಯಾಮಿಲ್ಟನ್ನಿನಲ್ಲಿ ಒಂದು ಹನಿ ರಕ್ತ ಬಿದ್ದರೆ ಹಾರ್ಲೆಮ್ ದಿಬ್ಬ ಹತ್ತುತ್ತದೆ ಅನ್ನೋ ಭಯ. ಏಪ್ರಿಲ್ 30ರ ನಸುಕಿಗೆ ಮುಂಚೆ ಪೊಲೀಸರು ಬಂದಾಗ ಹ್ಯಾಮಿಲ್ಟನ್ನಿನ 86 ಜನ ವಕೀಲರ ಸಮಕ್ಷಮ ತಲೆಯೆತ್ತಿಕೊಂಡು ನಡೆದು ಬಂದು ವ್ಯಾನು ಹತ್ತಿದರು. ಉಳಿದ ಕಟ್ಟಡಗಳಲ್ಲಿ ಬಡಿದು, ಮೆಟ್ಟಿಲ ಮೇಲೆ ಎಳೆದಾಡಿದರು. ಒಟ್ಟು ಸುಮಾರು 700 ಬಂಧನ, ನೂರಕ್ಕೂ ಹೆಚ್ಚು ಜನಕ್ಕೆ ಗಾಯ. ಆಗಸ್ಟಿನಲ್ಲಿ ಅಧ್ಯಕ್ಷ ಗ್ರೇಸನ್ ಕರ್ಕ್ ಕುರ್ಚಿ ಬಿಟ್ಟರು. ಜಿಮ್ ನಿಂತೇಹೋಯಿತು. ಪಾರ್ಕಿನಲ್ಲಿ ತೋಡಿದ ಹೊಂಡ ಇಪ್ಪತ್ತು ವರ್ಷ ಹಾಗೇ ಬಾಯಿ ತೆರೆದುಕೊಂಡಿತ್ತು. ಆಮೇಲೆ ಅದನ್ನೇ ಕೊಳ ಮಾಡಿದರು. ಈಗ ಅಲ್ಲೊಂದು ಸಣ್ಣ ಜಲಪಾತ ಬೀಳುತ್ತದೆ. ಆ ಕೊಳಕ್ಕೆ ಬಾಗಿಲಿಲ್ಲ.

ನಮ್ಮವರಿಗೂ ಒಂದು ಮಾತು ಹೇಳಬೇಕು. ಹ್ಯಾಮಿಲ್ಟನ್ನಿನೊಳಗೆ ಪಕ್ಕದ ಬಾರ್ನಾರ್ಡ್ ಮಹಿಳಾ ಕಾಲೇಜಿನ ಕಪ್ಪು ಹುಡುಗಿಯರೂ ಇದ್ದರು. ಅದೇ 1968ರಲ್ಲಿ ಬಾರ್ನಾರ್ಡಿನ ಕಪ್ಪು ಹುಡುಗಿಯರು ತಮ್ಮದೇ ಬೇರೆ ಸಂಘ ಕಟ್ಟಿಕೊಂಡರು. ನಮ್ಮ ಸಭೆಗಳಲ್ಲಿ ಹುಡುಗಿಯರಿಗೆ ಟೀ ಹಂಚುವ, ಕ್ರಾಂತಿಗೀತೆಗೆ ದನಿಗೂಡಿಸುವ ಕೆಲಸ ಕೊಟ್ಟು ಭಾಷಣ ನಾವೇ ಹೊಡೆಯುವವರು, ನಾಳೆ ಅವರು ಎದ್ದು ಬೇರೆ ಕೂತಾಗ ಒಡಕು ಅಂತ ಕೂಗಬೇಡಿ.

"ಓದಿ ಕೆಲಸ ತಗೊಳ್ರಪ್ಪಾ, ಈ ಗಲಾಟೆ ಯಾಕೆ" ಅನ್ನೋ ನಮ್ಮ ಅಪ್ಪ ಅವ್ವಂದಿರ ಮಾತು ಬೇರೆ. ಅದರಲ್ಲಿ ಹಸಿವಿದೆ, ಅದಕ್ಕೆ ಎದುರಾಡಬಾರದು. ಇಷ್ಟು ಮಾತ್ರ ಅವರಿಗೆ ಹೇಳಿ: ಹ್ಯಾಮಿಲ್ಟನ್ನಿನಲ್ಲಿದ್ದ ರೇಮಂಡ್ ಬ್ರೌನ್ ಮುಂದೆ ಹೆಸರಾಂತ ವಕೀಲರಾದರು, ವಿಲಿಯಂ ಸೇಲ್ಸ್ ಪ್ರೊಫೆಸರಾದರು. ಅವರ ಓದು ಹಾಳಾಗಲಿಲ್ಲ.

ಗೆದ್ದದ್ದು ಒಂದೇ ಸಲಕ್ಕೆ ಕೈಗೆ ಬರಲಿಲ್ಲ ಅನ್ನೋದೂ ನಿಜ. 1985ರಲ್ಲಿ ಇದೇ ಹ್ಯಾಮಿಲ್ಟನ್ನಿನ ಮೆಟ್ಟಿಲ ಮೇಲೆ ಮೂರು ವಾರ ಕೂತು, ಅದಕ್ಕೆ ಮಂಡೇಲಾ ಹಾಲ್ ಅಂತ ಹೆಸರಿಟ್ಟು, ದಕ್ಷಿಣ ಆಫ್ರಿಕದ ಜೊತೆ ವ್ಯವಹಾರ ಇಟ್ಟುಕೊಂಡ ಕಂಪನಿಗಳಿಂದ ಯೂನಿವರ್ಸಿಟಿಯ ಹಣ ತೆಗೆಯಿರಿ ಅಂತ ಹಟ ಹಿಡಿದರು. ಆ ವರ್ಷವೇ ಯೂನಿವರ್ಸಿಟಿ ಒಪ್ಪಿತು. ಆಫ್ರಿಕನ್-ಅಮೆರಿಕನ್ ಅಧ್ಯಯನಕ್ಕೆ ಒಂದು ಸಂಸ್ಥೆ ಬಂದದ್ದು 1993ರಲ್ಲಿ. ಪೂರ್ಣ ಇಲಾಖೆಗೆ ಒಪ್ಪಿಗೆ ಸಿಕ್ಕಿದ್ದು 2018ರಲ್ಲಿ, ಹ್ಯಾಮಿಲ್ಟನ್ ಹಿಡಿದು ಐವತ್ತು ವರ್ಷಕ್ಕೆ! ಗೋಡೆ ಕಟ್ಟೋದನ್ನ ನಿಲ್ಲಿಸೋದು ಸುಲಭ, ಸಿಲಬಸ್ಸಿನ ಗೋಡೆ ಕೆಡವೋದು ಕಷ್ಟ. 2024ರಲ್ಲಿ ಗಾಜಾದ ಪರವಾಗಿ ವಿದ್ಯಾರ್ಥಿಗಳು ಮತ್ತೆ ಹ್ಯಾಮಿಲ್ಟನ್ ಹಿಡಿದರು. ಪೊಲೀಸರು ನುಗ್ಗಿದ ತಾರೀಕು ಮತ್ತೆ ಏಪ್ರಿಲ್ 30.

ಇನ್ನೊಂದು ಕೋಣೆಯ ವಿಷಯ ಹೇಳಿ ಬಿಡುತ್ತೇನೆ. 1913ರಲ್ಲಿ ನ್ಯೂಯಾರ್ಕಿಗೆ ಬಂದಿಳಿದ ಬಾಬಾಸಾಹೇಬರು ಮೊದಲು ಉಳಿದದ್ದು ಕ್ಯಾಂಪಸ್ಸಿನ ಹಾರ್ಟ್ಲಿ ಹಾಲ್ ಅನ್ನುವ ಹಾಸ್ಟೆಲಿನಲ್ಲಿ. ಕೆಲವೇ ದಿನ. ಊಟ ಹಿಡಿಸದೆ ಬೇರೆ ಕಡೆ ಹೋದರು. ಹಾಸ್ಟೆಲ್ ಊಟದ ಕಥೆ ನೂರು ವರ್ಷಕ್ಕೂ ಹಳೇದು ನೋಡಿ. ಅದೇ ಹಾರ್ಟ್ಲಿ ಹಾಲಿನಲ್ಲಿ ಮಿಲಿಟರಿ ತರಬೇತಿಯವರು ಬಳಸುತ್ತಿದ್ದ ಒಂದು ಕೋಣೆಯನ್ನು 1970ರಲ್ಲಿ ಕಪ್ಪು ವಿದ್ಯಾರ್ಥಿಗಳು ಹಿಡಿದು ಮಾಲ್ಕಂ ಎಕ್ಸ್ ಲೌಂಜ್ ಅಂತ ಹೆಸರಿಟ್ಟರು. ಸಭೆ, ಓದು, ಹಾಡು, ಜಗಳ, ಎಲ್ಲಾ ಅಲ್ಲಿ. 1946ರಲ್ಲಿ ಬಾಬಾಸಾಹೇಬರು ಕಪ್ಪು ಜನರ ದೊಡ್ಡ ಚಿಂತಕ ಡು ಬೋಯಿಸ್ ಅವರಿಗೆ ಕಾಗದ ಬರೆದಿದ್ದರು. 1972ರಲ್ಲಿ ಮುಂಬಯಿಯ ನಮ್ಮ ಹುಡುಗರು ಬ್ಲ್ಯಾಕ್ ಪ್ಯಾಂಥರರ ಹೆಸರು ತೆಗೆದುಕೊಂಡು ದಲಿತ ಪ್ಯಾಂಥರ್ ಆದರು. ಆ ನಂಟಿಗೆ ಒಂದು ವಿಳಾಸ ಬೇಕಿದ್ದರೆ ಹಾರ್ಟ್ಲಿ ಹಾಲ್ ಅಂತ ಬರೆದುಕೊಳ್ಳಿ.

2023ರ ಜೂನಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಕಾಲೇಜು ಪ್ರವೇಶದಲ್ಲಿ ಜನಾಂಗವನ್ನು ಗಣನೆಗೆ ತೆಗೆದುಕೊಳ್ಳುವ ಪದ್ಧತಿಯನ್ನು ತೆಗೆದುಹಾಕಿತು. ಎಲ್ಲರಿಗೂ ಒಂದೇ ಬಾಗಿಲು ಅಂತೆ ಈಗ. ಕೆಳಗಿನ ಬಾಗಿಲು ಇಲ್ಲವೇ ಇಲ್ಲ, ಮೇಲಿನದು ಮಾತ್ರ. 'ಮೆರಿಟ್' ಅನ್ನೋ ಹೆಸರು ನಮಗೇನು ಹೊಸದೆ? ಹಾರ್ಟ್ಲಿ ಹಾಲಿನ ಆ ಕೋಣೆಗೆ ಇನ್ನು ವರ್ಷಕ್ಕೆ ಎಷ್ಟು ಕಪ್ಪು ಮಕ್ಕಳು ಬಂದು ಸೇರುತ್ತಾರೆ ಅನ್ನೋದರ ಮೇಲೆ ಈಗ ಅಲ್ಲಿ ಜಗಳ ನಡೆದಿದೆ.